ಔಷಧಿ ಕಿಟಕಿ: ಗುಳಿಗೆ ತೊಂದರೆ ಕೊಟ್ಟರೆ ಯಾರಿಗೆ ಹೇಳುವುದು?

ಹೋದ ಸಂಚಿಕೆಯಲ್ಲಿ ಔಷಧಿಯ ಅಡ್ಡಪರಿಣಾಮ ಬರೆಸುವ ಫಾರಂ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಸಕ್ಕರೆ ಕಾಯಿಲೆ ಬಗ್ಗೆ ಪುಟ ತುಂಬಾ ಬರೆದಾಗಲೂ ಇಷ್ಟು ಪತ್ರ ಬಂದಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ. ಉದ್ದದ ಪತ್ರಗಳನ್ನು ಮೊಟಕು ಮಾಡಿದ್ದೇನೆ. ಹೆಸರು ತೆಗೆದು ಊರು ಮಾತ್ರ ಉಳಿಸಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಬಳ್ಳಾರಿಯವಳು, ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತು ನಿವೃತ್ತಿಯಾದ ಫಾರ್ಮಸಿಸ್ಟ್. ಡಾಕ್ಟರ್ ಅಲ್ಲ. ಇಲ್ಲಿ ಬರೆದದ್ದನ್ನು ಓದಿ ಯಾರೂ ತಾವಾಗಿಯೇ ಗುಳಿಗೆ ಬಿಡಬೇಡಿ.

ಪ್ರಶ್ನೆ: ಅಕ್ಕಾರೆ, ನಮ್ಮ ಅತ್ತೆಗೆ ಬಿಪಿ. ಗುಳಿಗೆ ಶುರುವಾದ ಮೇಲೆ ಒಣ ಕೆಮ್ಮು ಹತ್ತಿತು, ರಾತ್ರಿ ಹೊತ್ತು ಜಾಸ್ತಿ. ಥರಾವರಿ ಸಿರಪ್ ಕುಡಿಸಿದೆವು. ಕಫ ಪರೀಕ್ಷೆ ಆಯಿತು, ಎಕ್ಸ್‌ರೇ ಆಯಿತು. ಟಿಬಿ ಇರಬೇಕು ಅಂತ ಓಣಿಯವರು ಮನೆಗೆ ಬರುವುದನ್ನೇ ಬಿಟ್ಟರು. ಕೊನೆಗೆ ಬೇರೆ ಡಾಕ್ಟರ್ ನೋಡಿ 'ಇದು ಬಿಪಿ ಗುಳಿಗೆಯ ಕೆಮ್ಮು' ಎಂದು ಎನಲಾಪ್ರಿಲ್ ನಿಲ್ಲಿಸಿ ಬೇರೆ ಬರೆದುಕೊಟ್ಟರು. ಈಗ ಕೆಮ್ಮಿಲ್ಲ. ಇದನ್ನು ಬರೆಸಿದರೆ ಸ್ವೀಡನ್ ದೇಶದವರೆಗೆ ಹೋಗುತ್ತದೆ ಅಂತ ಬರೆದಿದ್ದೀರಿ, ನಿಜವೇ? ಸಿಂಧನೂರಿನ ಮುದುಕಿ ಕೆಮ್ಮಿದರೆ ಅವರಿಗೇನು?
(ಸಿಂಧನೂರು)

ಉತ್ತರ: ನಿಜ ತಂಗಿ, ಹೋಗುತ್ತದೆ. ನೀವೋ ನಿಮ್ಮ ಡಾಕ್ಟರೋ ತುಂಬಿದ ಫಾರಂ ಮೊದಲು ಒಂದು ವೈದ್ಯಕೀಯ ಕಾಲೇಜಿನ ನಿಗಾ ಕೇಂದ್ರಕ್ಕೆ ಸೇರುತ್ತದೆ. ಅಲ್ಲಿಯವರು ಓದಿ, ಬಿಟ್ಟುಹೋದದ್ದನ್ನು ಕೇಳಿ ತಿಳಿದು, ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗಕ್ಕೆ (ಔಷಧಿಗಳ ಗುಣಮಟ್ಟ ನಿಗದಿ ಮಾಡುವ ಸರ್ಕಾರಿ ಸಂಸ್ಥೆ) ಕಳಿಸುತ್ತಾರೆ. ನಮ್ಮ ದೇಶದ ಔಷಧಿ ನಿಗಾ ಕಾರ್ಯಕ್ರಮ 2010ರಲ್ಲಿ ದೆಹಲಿಯ ಏಮ್ಸ್‌ನಲ್ಲಿ ಶುರುವಾಗಿ, ಮರುವರ್ಷ ಈ ಆಯೋಗದ ಕೈಗೆ ಬಂತು. ಅಲ್ಲಿಂದ ಮುಂದಿನ ಊರು ಸ್ವೀಡನ್ನಿನ ಉಪ್ಸಾಲ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಲೋಕದ ಈ ವರದಿಗಳನ್ನೆಲ್ಲ ಒಂದೇ ಕಡೆ ಇಟ್ಟು ನೋಡುವ ಕೇಂದ್ರ 1978ರಿಂದ ಅಲ್ಲಿದೆ. 150ಕ್ಕೂ ಹೆಚ್ಚು ದೇಶಗಳು ಅಲ್ಲಿಗೆ ಕಳಿಸುತ್ತವೆ. ಈಗ ಅಲ್ಲಿರುವ ವರದಿಗಳು 3 ಕೋಟಿಗೂ ಹೆಚ್ಚು.

'ಅವರಿಗೇನು' ಎಂದು ಕೇಳಿದಿರಿ. ನಿಮ್ಮ ಅತ್ತೆಯ ಕೆಮ್ಮಿನ ಕಥೆಯನ್ನೇ ಹೇಳುತ್ತೇನೆ. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್, ಹೀಗೆ ಹೆಸರಿನ ಕೊನೆಗೆ 'ಪ್ರಿಲ್' ಇರುವ ಬಿಪಿ ಗುಳಿಗೆಗಳು ಪೇಟೆಗೆ ಬಂದದ್ದು 1980ರ ದಶಕದಲ್ಲಿ. ಒಳ್ಳೆಯ ಔಷಧಿಗಳೇ, ಹೃದಯಕ್ಕೂ ಕಿಡ್ನಿಗೂ ಉಪಕಾರ. ಬಂದ ಹೊಸದರಲ್ಲಿ ಕೆಮ್ಮನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಮ್ಮು ಯಾರಿಗೆ ಬರುವುದಿಲ್ಲ ಹೇಳಿ? ಧೂಳು ಅಂತಾರೆ, ಚಳಿ ಅಂತಾರೆ, ಬೀಡಿ ಅಂತಾರೆ. ನ್ಯೂಜಿಲೆಂಡ್‌ನಲ್ಲಿ ಮಾತ್ರ ಒಂದು ಪದ್ಧತಿ ಇತ್ತು. ಆಯ್ದ ಕೆಲವು ಹೊಸ ಔಷಧಿ ತಗೊಂಡವರಿಗೆ ಆಮೇಲೆ ಏನೇ ಆಗಲಿ, ಔಷಧಿಗೆ ಸಂಬಂಧ ಇರಲಿ ಬಿಡಲಿ, ಡಾಕ್ಟರುಗಳು ಬರೆದು ಕಳಿಸುತ್ತಿದ್ದರು. ಆ ಪಟ್ಟಿಯಲ್ಲಿ ಕೆಮ್ಮು ಮತ್ತೆ ಮತ್ತೆ ಬಂತು. 1987ರಲ್ಲಿ ಅದನ್ನು ಪ್ರಕಟಿಸಿದರು. ಲೆಕ್ಕ ಹಾಕಿದ ಇಬ್ಬರಲ್ಲಿ ಒಬ್ಬರಾದ ರಾಲ್ಫ್ ಎಡ್ವರ್ಡ್ಸ್ ಮುಂದೆ ಉಪ್ಸಾಲ ಕೇಂದ್ರದ ಮುಖ್ಯಸ್ಥರೇ ಆದರು. ಈಗ ಗೊತ್ತಿರುವುದು ಇಷ್ಟು: ಈ ಗುಳಿಗೆ ನುಂಗುವ ನೂರರಲ್ಲಿ ಸುಮಾರು 10 ಜನಕ್ಕೆ ಒಣ ಕೆಮ್ಮು ಬರುತ್ತದೆ. ಹೆಂಗಸರಿಗೆ ಜಾಸ್ತಿ. ಗುಳಿಗೆ ಬದಲಾಯಿಸಿದರೆ ಸಾಮಾನ್ಯವಾಗಿ ಕೆಲವು ವಾರದಲ್ಲಿ ಹೋಗುತ್ತದೆ. ನಿಮ್ಮ ಎರಡನೇ ಡಾಕ್ಟರ್ ಕೂಡಲೇ ಹಿಡಿದದ್ದು ಈ ಲೆಕ್ಕ ಅವರ ಪುಸ್ತಕದಲ್ಲಿ ಇದ್ದದ್ದಕ್ಕೆ. ಆ ಲೆಕ್ಕ ಆಗಿದ್ದು ಎಲ್ಲೋ ಯಾರೋ ಮುದುಕಿಯರು ಕೆಮ್ಮಿದ್ದನ್ನು ಬರೆದದ್ದಕ್ಕೆ.

ಇಂಥ ವ್ಯವಸ್ಥೆ ಸುಮ್ನೆ ಹುಟ್ಟಲಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ದೆ ಗುಳಿಗೆ ಬಂತು. ಬಸುರಿಯರ ವಾಂತಿಗೂ ಕೊಡುತ್ತಿದ್ದರು. ಹಲವು ದೇಶಗಳಲ್ಲಿ ಮಾರಾಟವಾಯಿತು. ಕೈಕಾಲು ಬೆಳೆಯದ ಮಕ್ಕಳು ಒಂದು ಆಸ್ಪತ್ರೆಯಲ್ಲಿ ಒಂದು, ಇನ್ನೊಂದು ಊರಲ್ಲಿ ಎರಡು, ಹೀಗೆ ಹುಟ್ಟುತ್ತಾ ಹೋದವು. ಒಬ್ಬೊಬ್ಬ ಡಾಕ್ಟರ್ ಕಣ್ಣಿಗೆ ಬೀಳುವುದು ಒಂದೋ ಎರಡೋ. ಕೂಡಿಸಿ ನೋಡುವ ಜಾಗವೇ ಇರಲಿಲ್ಲ. 1961ರಲ್ಲಿ ಜರ್ಮನಿಯ ಲೆಂಜ್, ಆಸ್ಟ್ರೇಲಿಯಾದ ಮೆಕ್‌ಬ್ರೈಡ್, ಇಬ್ಬರು ಡಾಕ್ಟರುಗಳು ಬೇರೆ ಬೇರೆಯಾಗಿ ಅದೇ ಅನುಮಾನ ಪಟ್ಟರು. ಜರ್ಮನಿಯಲ್ಲಿ ಗುಳಿಗೆ ನಿಂತದ್ದು ಆ ವರ್ಷದ ನವೆಂಬರ್‌ನಲ್ಲಿ. ಅಷ್ಟರಲ್ಲಿ ತೊಂದರೆಗೆ ಸಿಕ್ಕ ಮಕ್ಕಳು ಸುಮಾರು 10 ಸಾವಿರ. ಆ ಏಟು ತಿಂದ ಮೇಲೆ, 1968ರಲ್ಲಿ, 10 ದೇಶಗಳು ಸೇರಿ ವಿಶ್ವ ಆರೋಗ್ಯ ಸಂಸ್ಥೆಯ ಕೆಳಗೆ ವರದಿ ಕೂಡಿಸತೊಡಗಿದವು.

ನಿಮ್ಮ ಅತ್ತೆಯ ಕೆಮ್ಮು ಹೊಸ ಸುದ್ದಿ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅದು ಉಪ್ಸಾಲದಲ್ಲಿ ಗಂಟೆ ಬಾರಿಸುವುದಿಲ್ಲ. ಆದರೂ ಬರೆಸಿ. ಗುಳಿಗೆಯ ಕೆಮ್ಮು ಎಂದು ತಿಳಿಯದೆ ಕಫ ಪರೀಕ್ಷೆ, ಎಕ್ಸ್‌ರೇ, ಸಿರಪ್ಪುಗಳ ಮೇಲೆ ಖರ್ಚಾಯಿತಲ್ಲ, ಅದೂ ಫಾರಂನಲ್ಲಿ ಇರಲಿ. ಗೊತ್ತಿರುವ ತೊಂದರೆಯನ್ನು ನಮ್ಮ ಕಡೆ ಎಷ್ಟು ತಡವಾಗಿ ಗುರುತಿಸುತ್ತಾರೆ ಎನ್ನುವುದು ಗಾಜಿಯಾಬಾದಿನವರಿಗೆ ತಿಳಿಯಲಿ. ಇನ್ನೊಂದು ಮಾತು, ಇದು ಎಲ್ಲರಿಗೂ: 'ಪ್ರಿಲ್' ಗುಳಿಗೆ ತಗೊಳ್ಳುವವರಿಗೆ ಎಂದಾದರೂ ತುಟಿ, ನಾಲಿಗೆ, ಮುಖ ಊದಿಕೊಂಡರೆ ಫಾರಂ ಆಮೇಲೆ. ಮೊದಲು ಆಸ್ಪತ್ರೆ, ಅದೂ ತಕ್ಷಣ. ಮತ್ತೆ ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿದ್ದು ಸರಿಯಾದ ಕೆಲಸವೇ. ಅದರಲ್ಲಿ ತಪ್ಪೇನಿಲ್ಲ. ತಪ್ಪಿದ್ದರೆ ಓಣಿಯವರದು.

ಪ್ರಶ್ನೆ: ಮೇಡಂ, ನಮ್ಮವ್ವ ನಾಟಿ ಹಚ್ಚುವ ಕೂಲಿಗೆ ಹೋಗುತ್ತಾಳೆ. ಸಂಜೆ ಬರುವಾಗ ಮೈಕೈ ನೋವಿಗೆ ಒಂದು ಕಡೆ ಪೊಟ್ಟಣ ತರುತ್ತಾಳೆ. ಮೂರು ನಾಲ್ಕು ಬಿಡಿ ಗುಳಿಗೆ, ಕಾಗದದಲ್ಲಿ ಸುತ್ತಿದ್ದು. ತಗೊಂಡರೆ ಮರುದಿನ ಚಿಗರಿಯಂಗೆ ಓಡಾಡುತ್ತಾಳೆ. ಇತ್ತೀಚೆಗೆ ಮುಖ ಊದಿ ದುಂಡಗೆ ಆಗಿದೆ, ಬಿಟ್ಟರೆ ಏಳಲಿಕ್ಕೇ ಆಗುವುದಿಲ್ಲ. ಯಾವ ಗುಳಿಗೆ ಅಂತ ಕೇಳಿದರೆ 'ಏನೂ ಆಗಂಗಿಲ್ಲ ತಗೊ' ಅಂತಾರಂತೆ. ಹೆಸರೇ ಗೊತ್ತಿಲ್ಲದ ಗುಳಿಗೆ ಬಗ್ಗೆ ಫಾರಂ ತುಂಬಬಹುದೇ?
(ಕಾರಟಗಿ ಕಡೆಯ ಒಂದು ಹಳ್ಳಿ)

ಉತ್ತರ: ಈ ಪತ್ರ ಓದಿ ನನಗೆ ಸಿಟ್ಟು ಬಂತು, ನಿಮ್ಮ ಮೇಲಲ್ಲ. ತುಂಗಭದ್ರಾ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಈ ಪೊಟ್ಟಣಗಳ ವ್ಯಾಪಾರವೂ ಶುರು. ದಿನವಿಡೀ ಕೆಸರಲ್ಲಿ ಸೊಂಟ ಬಗ್ಗಿಸಿದ ಹೆಂಗಸಿಗೆ ನೋವು ಸುಳ್ಳಲ್ಲ, ಮರುದಿನದ ಕೂಲಿಯೂ ಸುಳ್ಳಲ್ಲ. ಅದನ್ನೇ ಬಂಡವಾಳ ಮಾಡಿಕೊಂಡವರಿದ್ದಾರೆ.

ಮುಖ ದುಂಡಗಾಗಿದೆ, ಬಿಟ್ಟರೆ ಏಳಲಾಗುವುದಿಲ್ಲ ಎಂದಿದ್ದೀರಿ. ಆ ಪೊಟ್ಟಣದಲ್ಲಿ ಸ್ಟಿರಾಯ್ಡ್ ಇರುವ ಅನುಮಾನ ಗಟ್ಟಿ. ಪ್ರೆಡ್ನಿಸೋಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಹೀಗೆ ಹೆಸರುಗಳು. ಗುಳಿಗೆ ಚಿಕ್ಕದು, ಕೆಲಸ ದೊಡ್ಡದು. ಡಾಕ್ಟರ್ ಲೆಕ್ಕವಿಟ್ಟು ಕೊಟ್ಟರೆ ಜೀವ ಉಳಿಸುವ ಔಷಧಿ. ಲೆಕ್ಕವಿಲ್ಲದೆ ನುಂಗಿದರೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ, ಸೋಂಕು ಬೇಗ ತಗಲುತ್ತದೆ. ಜೊತೆಗೆ ನೋವಿನ ಗುಳಿಗೆ ಇದ್ದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೂ ಏಟು. ಈಗ ಮುಖ್ಯ ಮಾತು ಕೇಳಿ. ಅವ್ವನಿಗೆ ಇವತ್ತೇ ಬಿಟ್ಟುಬಿಡು ಎನ್ನಬೇಡಿ. ಬಹಳ ದಿನ ಸ್ಟಿರಾಯ್ಡ್ ನುಂಗಿದ ಮೈ ತನ್ನದೇ ಆದ ಸ್ಟಿರಾಯ್ಡ್ ಮಾಡುವುದನ್ನು ನಿಲ್ಲಿಸಿರುತ್ತದೆ. ಒಮ್ಮೆಲೇ ಬಿಟ್ಟರೆ ಬಿಪಿ ಇಳಿದು ಕುಸಿದುಬೀಳಬಹುದು. ಉಳಿದ ಪೊಟ್ಟಣ ಕೈಯಲ್ಲಿ ಹಿಡಿದು ಗಂಗಾವತಿಗೋ ಕೊಪ್ಪಳಕ್ಕೋ, ಎಂಬಿಬಿಎಸ್ ಡಾಕ್ಟರ್ ಇರುವ ಕಡೆ ಬೇಗ ಕರೆದುಕೊಂಡು ಹೋಗಿ. ಅವರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ.

ಇನ್ನು ಫಾರಂ. ಹೆಸರಿಲ್ಲದ ಗುಳಿಗೆಯ ಮೇಲೆ ವರದಿ ಬರೆದರೆ ಗಾಜಿಯಾಬಾದಿನಲ್ಲಿ ಅದನ್ನು ಯಾವ ಖಾನೆಗೆ ಹಾಕುತ್ತಾರೆ? ಡಾಕ್ಟರ್ ಗುಳಿಗೆ ನೋಡಿ, ರಕ್ತ ಪರೀಕ್ಷೆ ಮಾಡಿಸಿ, 'ಸ್ಟಿರಾಯ್ಡ್ ಇರಬಹುದು' ಎಂದು ಅವರ ಹೆಸರಲ್ಲಿ ಬರೆದರೆ ಅದಕ್ಕೆ ತೂಕ ಬರುತ್ತದೆ. ಹೆಸರಿಲ್ಲದ ಪೊಟ್ಟಣ ಮಾರುವವರ ವಿಷಯ ಮಾತ್ರ ಬೇರೆಯೇ. ಅದು ಡ್ರಗ್ ಇನ್‌ಸ್ಪೆಕ್ಟರ್‌ಗೆ ಹೋಗಬೇಕಾದ ದೂರು, ಅಡ್ಡಪರಿಣಾಮದ ಫಾರಂ ಅದಕ್ಕೆ ಸಾಲದು.

ಹೆಸರಿಲ್ಲದ ಬಿಡಿ ಗುಳಿಗೆಯ ಮಾತು ಬಂದಿದ್ದಕ್ಕೆ ಅಂಗಡಿಯ ಗುಳಿಗೆ ಸ್ಟ್ರಿಪ್ ಬಗ್ಗೆಯೂ ಎಲ್ಲರಿಗೂ ಸೇರಿಸಿ ಹೇಳುತ್ತೇನೆ. ಒಂದು ಸ್ಟ್ರಿಪ್ ಕೈಗೆ ತಗೊಂಡು ಹಿಂದಿನ ಬೆಳ್ಳಿ ಬದಿ ನೋಡಿ. ಔಷಧಿಯ ಹೆಸರು ಮೈತುಂಬ ಇರುತ್ತದೆ. ಬ್ಯಾಚ್ ನಂಬರ್ (ಒಟ್ಟಿಗೆ ತಯಾರಾದ ರಾಶಿಯ ಗುರುತು), ತಯಾರಾದ ತಿಂಗಳು, ಎಕ್ಸ್‌ಪೈರಿ ಮಾತ್ರ ಬಹಳ ಸಲ ಒಂದೇ ತುದಿಯಲ್ಲಿ ಇರುತ್ತವೆ, ಕೆಲವೊಮ್ಮೆ ಅಚ್ಚೊತ್ತಿ, ಕೆಲವೊಮ್ಮೆ ಕಣ್ಣು ಕಿರಿದು ಮಾಡಿ ಓದಬೇಕಾದ ಕಪ್ಪು ಮಸಿಯಲ್ಲಿ. ನೀವು ನಾಲ್ಕು ಗುಳಿಗೆ ಕೇಳುತ್ತೀರಿ. ಅಂಗಡಿಯವರು ಕತ್ತರಿ ಹಾಕಿ ನಾಲ್ಕು ಕೊಡುತ್ತಾರೆ. ನಂಬರ್ ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಕೊನೆಯ ಗಿರಾಕಿಗೆ ನಂಬರ್ ಸಿಗುತ್ತದೆ, ಉಳಿದವರಿಗೆ ಇಲ್ಲ. ಜಗಳ ಬೇಡ. ಕತ್ತರಿ ಹಾಕುವ ಮೊದಲು 'ಅಣ್ಣ, ಒಂದು ನಿಮಿಷ' ಎಂದು ಫೋನಿನಲ್ಲಿ ಎರಡೂ ಬದಿ ಫೋಟೋ ಹೊಡೆದುಕೊಳ್ಳಿ. ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ 2023ರ ಆಗಸ್ಟ್‌ನಿಂದ ಕ್ಯೂಆರ್ ಕೋಡ್ ಕಡ್ಡಾಯ ಮಾಡಿದ್ದಾರೆ. ಅದನ್ನು ಸ್ಕ್ಯಾನ್ ಮಾಡಿದರೆ ಬ್ಯಾಚ್, ಎಕ್ಸ್‌ಪೈರಿ, ಕಂಪನಿ ಹೆಸರು ಬರುತ್ತದೆ. ಬಿಲ್ಲು ಕೇಳಿ ಪಡೆಯಿರಿ. ಬಿಲ್ಲಿನಲ್ಲೂ ಬ್ಯಾಚ್ ನಂಬರ್ ಇರುತ್ತದೆ.

ಪ್ರಶ್ನೆ: ನಾನು ಸ್ಟಾಫ್ ನರ್ಸ್. ಫಿಟ್ಸ್‌ಗೆ ಕಾರ್ಬಮಜೆಪಿನ್ ಶುರು ಮಾಡಿದ ಹುಡುಗನೊಬ್ಬ ಎರಡನೇ ವಾರದಲ್ಲಿ ಮೈತುಂಬ ಗಂದೆ, ಜ್ವರ ಎಂದು ಬಂದ. 'ಪಿತ್ತದ ಗಂದೆ' ಅಂತ ಮನೆಯವರು ಬೆಲ್ಲ, ಮೆಣಸಿನ ಕಷಾಯ ಕೊಟ್ಟಿದ್ದರು. ಬಾಯಲ್ಲಿ ಹುಣ್ಣು ಕಂಡು ಡಾಕ್ಟರ್ ಕೂಡಲೇ ಗುಳಿಗೆ ನಿಲ್ಲಿಸಿ ದೊಡ್ಡಾಸ್ಪತ್ರೆಗೆ ಕಳಿಸಿದರು. ಹುಡುಗ ಉಳಿದ. ನಾನು ಫಾರಂ ತುಂಬೋಣ ಅಂದರೆ ಜೊತೆಯವರು 'ಪ್ರೂಫ್ ಎಲ್ಲಿದೆ, ನಾಳೆ ನೋಟಿಸ್ ಬಂದರೆ?' ಅಂತಾರೆ.
(ಕುಷ್ಟಗಿ ತಾಲ್ಲೂಕು)

ಉತ್ತರ: ತುಂಬಮ್ಮಾ, ನಾಳೆಯೇ ತುಂಬು. ಈ ಫಾರಂಗೆ ಪ್ರೂಫ್ ಬೇಕಿಲ್ಲ, ಅನುಮಾನ ಸಾಕು. ಫಾರಂ ತಲೆಯ ಮೇಲೇ 'ಅನುಮಾನಿತ' ಎಂದು ಇದೆ. ವರದಿ ಮಾಡಿದ್ದೇ ತಪ್ಪೊಪ್ಪಿಗೆ ಎಂದು ಯಾರೂ ತಿಳಿಯುವುದಿಲ್ಲ, ಅದರಿಂದ ಕಾನೂನಿನ ತೊಡಕಿಲ್ಲ, ರೋಗಿಯ ಗುರುತೂ ನಿನ್ನ ಗುರುತೂ ಗುಟ್ಟಾಗಿರುತ್ತದೆ. ನಾಲ್ಕು ಸಂಗತಿ ಇದ್ದರೆ ವರದಿ ನಿಲ್ಲುತ್ತದೆ: ಗುರುತಿಸಬಹುದಾದ ರೋಗಿ (ಹೆಸರಿನ ಮೊದಲಕ್ಷರ, ವಯಸ್ಸು ಸಾಕು), ಅನುಮಾನದ ಔಷಧಿ, ಆದ ತೊಂದರೆ, ಬರೆದವರು ಯಾರು. ಉಳಿದದ್ದೆಲ್ಲ ಇದ್ದಷ್ಟೂ ಒಳ್ಳೆಯದು. ಅದರಲ್ಲೂ ತಾರೀಖು. ಗುಳಿಗೆ ಶುರುವಾದ ದಿನ, ಗಂದೆ ಬಂದ ದಿನ, ನಿಲ್ಲಿಸಿದ ದಿನ, ಇಳಿದ ದಿನ. ಈ ನಾಲ್ಕು ತಾರೀಖು ಇಲ್ಲದ ವರದಿ ಓದುವವರಿಗೆ ಕುರುಡು ಲೆಕ್ಕ.

ಇದು ಗುಳಿಗೆಯದೇ ಎಂದು ತೀರ್ಮಾನಿಸುವುದು ನಿನ್ನ ಕೆಲಸವಲ್ಲ. ಕೇಂದ್ರದವರು ತೂಗಿ ನೋಡುತ್ತಾರೆ. ಔಷಧಿ ಕೊಟ್ಟ ಮೇಲೆ ಬಂತೇ, ನಿಲ್ಲಿಸಿದಾಗ ಇಳಿಯಿತೇ, ಬೇರೆ ಕಾರಣ ಇರಬಹುದೇ ಎಂದು ಕೇಳಿ, 'ಖಚಿತ', 'ಬಹುಮಟ್ಟಿಗೆ ಹೌದು', 'ಇರಬಹುದು', 'ಇರಲಾರದು' ಹೀಗೆ ದರ್ಜೆ ಕೊಡುತ್ತಾರೆ. ಸತ್ಯ ಹೇಳಬೇಕೆಂದರೆ ಬಹಳ ವರದಿಗಳು ನಡುವಿನ ದರ್ಜೆಗಳಲ್ಲೇ ನಿಲ್ಲುತ್ತವೆ. ನಿಲ್ಲಲಿ. ಒಂದೇ ಥರದವು ಹತ್ತು ಕಡೆಯಿಂದ ಬಂದಾಗ ಅವು ಮಾತಾಡುತ್ತವೆ.

ನಿನ್ನ ಹುಡುಗನ ಕೇಸು ಯಾಕೆ ಮುಖ್ಯ ಗೊತ್ತೇ? ಇದೇ ಗುಳಿಗೆಯಿಂದ ಚರ್ಮ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಕಾಯಿಲೆ ಎಲ್ಲ ಜನಾಂಗದಲ್ಲೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ರಕ್ತದಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ಗುರುತಿನ ಜೀನ್ ಇರುವವರಿಗೆ ಅಪಾಯ ಬಹಳ ಜಾಸ್ತಿ ಎಂದು 2004ರಲ್ಲಿ ತೈವಾನ್‌ನ ತಜ್ಞರು ಕಂಡುಕೊಂಡರು. ಯುರೋಪಿನವರಲ್ಲಿ ಆ ಜೀನ್ ಅಪರೂಪ, ಏಷ್ಯಾದ ಹಲವು ಜನರಲ್ಲಿ ಹೆಚ್ಚು. 2007ರಲ್ಲಿ ಅಮೆರಿಕದವರೂ ಔಷಧಿಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿ ಏಷ್ಯಾ ಮೂಲದವರಿಗೆ ಮೊದಲು ಆ ಪರೀಕ್ಷೆ ಮಾಡಿ ಎಂದು ಬರೆದರು. ಬರೀ ಯುರೋಪಿನ ವರದಿ ನೋಡಿಕೊಂಡು ಕೂತಿದ್ದರೆ ಇದು ಕಾಣುತ್ತಿತ್ತೇ? ನಮ್ಮ ಜನರ ಮೈಗೆ ಏನಾಗುತ್ತದೆ ಎಂದು ನಮ್ಮ ಕುಷ್ಟಗಿಯಿಂದಲೇ ಬರೆಯಬೇಕು. ಸ್ವೀಡನ್ನಿನವರು ನಮ್ಮ ಪರವಾಗಿ ಗಂದೆ ಎಬ್ಬಿಸಿಕೊಂಡು ನೋಡಲಾರರು.

ಪೇಟೆಗೆ ಬರುವ ಮುಂಚೆ ಪರೀಕ್ಷೆ ಮಾಡಿರುತ್ತಾರಲ್ಲ ಎಂದೂ ಜೊತೆಯವರು ಕೇಳಬಹುದು. ಮಾಡಿರುತ್ತಾರೆ, ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲೆ. ಆದರೆ 10 ಸಾವಿರದಲ್ಲಿ ಒಬ್ಬರಿಗೆ ಬರುವ ತೊಂದರೆಯನ್ನು ಒಮ್ಮೆಯಾದರೂ ಕಾಣಬೇಕು ಎಂದು ಭರವಸೆ ಇಡಬೇಕಾದರೆ ಸುಮಾರು 30 ಸಾವಿರ ಜನಕ್ಕೆ ಕೊಟ್ಟು ನೋಡಬೇಕು. ಅದೂ ಅಲ್ಲದೆ ಪರೀಕ್ಷೆಗೆ ಬಸುರಿಯರನ್ನು, ತೀರಾ ವಯಸ್ಸಾದವರನ್ನು, ಐದಾರು ಗುಳಿಗೆ ಒಟ್ಟಿಗೆ ನುಂಗುವವರನ್ನು ಸೇರಿಸುವುದು ಕಡಿಮೆ. ನಮ್ಮ ಓಪಿಡಿಯಲ್ಲಿ ಸಾಲು ನಿಲ್ಲುವವರು ಅವರೇ ಅಲ್ವಾ?

ಪ್ರಶ್ನೆ: 2024ರ ನವೆಂಬರ್‌ನಲ್ಲಿ ನಮ್ಮ ಬಳ್ಳಾರಿಯಲ್ಲೇ ಬಾಣಂತಿಯರು ತೀರಿಕೊಂಡರು. ಆಗ ಈ ಸ್ವೀಡನ್ ಲೆಕ್ಕ ಏನು ಮಾಡಿತು?
(ಬಳ್ಳಾರಿ)

ಉತ್ತರ: ಕೇಳಬೇಕಾದ ಪ್ರಶ್ನೆಯೇ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಹೋದರು. ಡ್ರಿಪ್ ಹಾಕುವ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ದ್ರಾವಣದ ಮೇಲೆ ಅನುಮಾನ ಬಂತು, ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು. ಯಾರ ತಪ್ಪು ಎಷ್ಟು ಎಂಬುದನ್ನು ತೀರ್ಮಾನಿಸುವ ಜಾಗ ಈ ಅಂಕಣವಲ್ಲ. ನಿಮ್ಮ ಪ್ರಶ್ನೆಗಷ್ಟೇ ಉತ್ತರಿಸುತ್ತೇನೆ.

ಎರಡು ಬೇರೆ ಬೇರೆ ತೊಂದರೆಗಳಿವೆ. ಸರಿಯಾಗಿ ತಯಾರಾದ ಔಷಧಿಯೇ ಕೆಲವರ ಮೈಗೆ ಆಗದಿರುವುದು ಒಂದು. ಔಷಧಿಯೇ ಕೆಟ್ಟಿರುವುದು, ಕಲಬೆರಕೆಯಾಗಿರುವುದು ಇನ್ನೊಂದು. ಮೊದಲನೆಯದಕ್ಕೆ ಕೋಟಿ ವರದಿಗಳ ರಾಶಿ ಬೇಕು, ವರ್ಷಗಟ್ಟಲೆ ಹಿಡಿಯಬಹುದು. ಎರಡನೆಯದಕ್ಕೆ ಸ್ವೀಡನ್ ದಾರಿ ಕಾಯುತ್ತಾ ಕೂರುವ ಹಾಗಿಲ್ಲ. ಒಂದೇ ವಾರ್ಡಿನಲ್ಲಿ, ಒಂದೇ ವಾರದಲ್ಲಿ, ಒಂದೇ ಬ್ಯಾಚಿನ ಔಷಧಿ ಹಾಕಿಸಿಕೊಂಡ ಇಬ್ಬರು ಮೂವರಿಗೆ ಚಳಿ ಜ್ವರ ಬಂತು, ಮೂತ್ರ ನಿಂತಿತು ಎಂದಾದರೆ ಅದೇ ಗಂಟೆಯಲ್ಲಿ ಆ ಬ್ಯಾಚ್ ಬದಿಗಿಟ್ಟು ಫೋನ್ ಎತ್ತಬೇಕು. ಅದು ಆಸ್ಪತ್ರೆಯವರ ಮತ್ತು ಔಷಧ ನಿಯಂತ್ರಣದವರ ಕೆಲಸ. ಖಾಲಿ ಬಾಟ್ಲಿಯನ್ನು ಕಸಕ್ಕೆ ಎಸೆಯಬಾರದು, ಅದರ ಮೇಲೆ ಬ್ಯಾಚ್ ನಂಬರ್ ಇರುತ್ತದೆ. ಕೇಸ್ ಶೀಟಿನಲ್ಲಿ ಬರೀ 'ಆರ್‌ಎಲ್ ಒಂದು ಬಾಟ್ಲಿ' ಎಂದು ಬರೆದು ಬಿಟ್ಟರೆ ಮುಂದೆ ಯಾವ ತನಿಖೆಗೂ ದಾರಿ ಸಿಗುವುದಿಲ್ಲ.

ಲೋಕದ ವ್ಯವಸ್ಥೆ ಇದರಲ್ಲಿ ಏನೂ ಮಾಡುವುದಿಲ್ಲ ಎಂದಲ್ಲ. ಆಫ್ರಿಕಾದ ಗ್ಯಾಂಬಿಯಾದಲ್ಲಿ ಮಕ್ಕಳ ಮೂತ್ರ ನಿಂತು ಕಿಡ್ನಿ ಹೋಗತೊಡಗಿದಾಗ, ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲಿ ಡೈ ಎಥಿಲೀನ್ ಗ್ಲೈಕಾಲ್, ಎಥಿಲೀನ್ ಗ್ಲೈಕಾಲ್ ಎಂಬ ವಿಷಗಳು ಕಂಡುಬಂದಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಅಕ್ಟೋಬರ್‌ನಲ್ಲಿ ಎಲ್ಲ ದೇಶಗಳಿಗೆ ಎಚ್ಚರಿಕೆ ಕೊಟ್ಟಿತು. ಮೂರು ವರ್ಷಕ್ಕೆ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ನಮ್ಮದೇ ಮಕ್ಕಳು ಅದೇ ಬಗೆಯ ಸಿರಪ್ ಕುಡಿದು ಸತ್ತರು. ಎಚ್ಚರಿಕೆ ಚೀಟಿ ಇದ್ದೂ ಹೀಗಾಯಿತು. ನನ್ನನ್ನು ಕೇಳಿದರೆ ವರದಿಯ ಕೊರತೆಗಿಂತ ಕಚ್ಚಾ ಮಾಲಿನ ಪೀಪಾಯಿ ಒಡೆದು ಪರೀಕ್ಷೆ ಮಾಡುವ ಕೈಗಳ ಕೊರತೆ ದೊಡ್ಡದು. ಅದನ್ನು ಯಾವ ಫಾರಮ್ಮೂ ತುಂಬಿಕೊಡುವುದಿಲ್ಲ.

ಪ್ರಶ್ನೆ: ಮುಟ್ಟಿನ ಹೊಟ್ಟೆನೋವಿಗೆ ನುಂಗುವ ಮೆಫೆನಾಮಿಕ್ ಆಸಿಡ್ ಗುಳಿಗೆ ಬ್ಯಾನ್ ಆಗಿದೆ ಅಂತ ಹಾಸ್ಟೆಲ್ ಗ್ರೂಪಿನಲ್ಲಿ ಬಂದಿದೆ. ಮತ್ತೆ ಉಪ್ಸಾಲದವರ ವಿಜಿ ಆಕ್ಸೆಸ್ ತಾಣದಲ್ಲಿ ನೋಡಿದರೆ ಪ್ಯಾರಸಿಟಮಾಲ್ ಮೇಲೂ ಎಷ್ಟೊಂದು ವರದಿ! ಏನನ್ನು ನುಂಗುವುದು ಆಂಟಿ?
(ರಾಯಚೂರು)

ಉತ್ತರ: ಬ್ಯಾನ್ ಆಗಿಲ್ಲ ಮಗಳೇ. ಆದದ್ದು ಇಷ್ಟು. 2023ರ ನವೆಂಬರ್ 30ರಂದು ಗಾಜಿಯಾಬಾದಿನ ಆಯೋಗ ಒಂದು ಎಚ್ಚರಿಕೆ ಹೊರಡಿಸಿತು. ಈ ಗುಳಿಗೆಯಿಂದ ಅಪರೂಪಕ್ಕೆ ಡ್ರೆಸ್ ಎಂಬ ತೀವ್ರ ಅಲರ್ಜಿ ಬರಬಹುದು, ಗಮನವಿಡಿ ಎಂದಿತು. ನಮ್ಮ ದೇಶದ ವರದಿಗಳನ್ನು ನೋಡಿಯೇ ಹೇಳಿದ ಮಾತು ಅದು, ಅಂದರೆ ನಾನು ಇಷ್ಟು ಹೊತ್ತು ಹೇಳುತ್ತಿರುವ ಫಾರಂಗಳಿಂದ. ಡ್ರೆಸ್ ಎಂದರೆ ಜ್ವರ, ಮೈಮೇಲೆ ಗಂದೆ, ಕತ್ತಿನ ಗಂಟು ಊದುವುದು, ಕೆಲವೊಮ್ಮೆ ಲಿವರಿಗೂ ಏಟು. ಗುಳಿಗೆ ನುಂಗಿದ ದಿನವೇ ಬರುವುದಲ್ಲ, ಎರಡರಿಂದ ಎಂಟು ವಾರ ಕಳೆದು ಬರಬಹುದು. ಅದಕ್ಕೇ ಜನ ಎರಡನ್ನೂ ಜೋಡಿಸಿ ನೋಡುವುದಿಲ್ಲ. ಗಂದೆ, ಜ್ವರ ಬಂದರೆ ಡಾಕ್ಟರಿಗೆ 'ಹಿಂದಿನ ತಿಂಗಳು ಇದನ್ನು ನುಂಗಿದ್ದೆ' ಎಂದು ಹೇಳು.

ಪ್ಯಾರಸಿಟಮಾಲ್ ಮೇಲೆ ವರದಿ ಜಾಸ್ತಿ ಇರುವುದು ಅದನ್ನು ನುಂಗುವವರು ಜಾಸ್ತಿ ಇರುವುದಕ್ಕೆ. ಬೈಕು ಹೆಚ್ಚಿರುವ ಊರಲ್ಲಿ ಬೈಕಿನಿಂದ ಬಿದ್ದವರ ಎಣಿಕೆಯೂ ಹೆಚ್ಚೇ ಇರುತ್ತದೆ, ಅಷ್ಟಕ್ಕೆ ಬೈಕು ಕೆಟ್ಟದ್ದು ಎನ್ನಲಾಗದು. ಆ ತಾಣದಲ್ಲಿ ಎಷ್ಟು ಜನ ನುಂಗಿದರು ಎಂಬ ಲೆಕ್ಕ ಇಲ್ಲ, ತೊಂದರೆ ಗುಳಿಗೆಯಿಂದಲೇ ಆಯಿತು ಎಂಬ ಖಾತ್ರಿಯೂ ಇಲ್ಲ. ತಜ್ಞರು ನೋಡುವುದು ಬರೀ ಎಣಿಕೆ ಅಲ್ಲ. ಬೇರೆ ಔಷಧಿಗಳಿಗೆ ಹೋಲಿಸಿದರೆ ಈ ಒಂದು ಔಷಧಿಯ ಜೊತೆ ಈ ಒಂದು ತೊಂದರೆ ಅಳತೆ ಮೀರಿ ಕಾಣುತ್ತಿದೆಯೇ ಎಂದು. ಹಾಗೆ ಕಂಡರೆ ಒಂದೊಂದೇ ವರದಿ ತೆಗೆದು ಓದುತ್ತಾರೆ. ಮಧ್ಯರಾತ್ರಿ ಹಾಸ್ಟೆಲ್ಲಿನಲ್ಲಿ ಕೂತು ಆ ತಾಣ ನೋಡಬೇಡ, ನಿದ್ದೆ ಹಾಳು.

ಪ್ರಶ್ನೆ: ಬೇಸಿಗೆಯಲ್ಲಿ ನನ್ನ ಇನ್ಸುಲಿನ್ ಕೆಲಸವೇ ಮಾಡುವುದಿಲ್ಲ. ಇದೂ ಅಡ್ಡಪರಿಣಾಮವೇ?
(ದೇವದುರ್ಗ)

ಉತ್ತರ: ಔಷಧಿ ಕೆಲಸ ಮಾಡದಿರುವುದನ್ನೂ ವರದಿ ಮಾಡಬಹುದು, ಬಹಳ ಜನಕ್ಕೆ ಇದು ಗೊತ್ತಿಲ್ಲ. ಆದರೆ ಮೊದಲು ಎಲ್ಲಿಡುತ್ತೀರಿ ನೋಡಿ. ತೆರೆಯದ ಇನ್ಸುಲಿನ್ ಇರಬೇಕಾದ್ದು 2ರಿಂದ 8 ಡಿಗ್ರಿಯಲ್ಲಿ. ಬಳಕೆಯಲ್ಲಿರುವ ಬಾಟ್ಲಿ 25–30 ಡಿಗ್ರಿವರೆಗೆ ಸುಮಾರು ನಾಲ್ಕು ವಾರ ತಡೆಯುತ್ತದೆ. ನಮ್ಮ ರಾಯಚೂರು, ಬಳ್ಳಾರಿ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದಿದ್ದರೆ ಒದ್ದೆ ಮರಳು ತುಂಬಿದ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆ ಇಟ್ಟು ಅದರಲ್ಲಿಡಿ. ಬಾಟ್ಲಿಗೆ ಮರಳೂ ನೀರೂ ತಾಗಬಾರದು. ಫ್ರೀಜರಿನಲ್ಲಿ ಮಾತ್ರ ಇಡಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿ ಹಾಕಿಕೊಂಡರೂ ಪ್ರಯೋಜನವಿಲ್ಲ. ಇಷ್ಟೆಲ್ಲ ಸರಿಯಿದ್ದೂ ಸಕ್ಕರೆ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ, ಬ್ಯಾಚ್ ನಂಬರ್ ಸಮೇತ ವರದಿ ಮಾಡಿ.

ಪ್ರಶ್ನೆ: ಮಂಡಿ ನೋವಿನ ಆಯುರ್ವೇದ ಪುಡಿಗೂ ಇದು ಅನ್ವಯವೇ? ಜನೌಷಧಿ ಅಂಗಡಿ ಗುಳಿಗೆಗೂ?
(ಕಂಪ್ಲಿ)

ಉತ್ತರ: ಎರಡಕ್ಕೂ. ಆಯುರ್ವೇದ, ಯುನಾನಿ, ಸಿದ್ಧ, ಹೋಮಿಯೋಪಥಿಗೆ ಆಯುಷ್‌ನವರದೇ ಪ್ರತ್ಯೇಕ ನಿಗಾ ವ್ಯವಸ್ಥೆ ಇದೆ, ಅದರ ಮುಖ್ಯ ಕೇಂದ್ರ ದೆಹಲಿಯ ಅಖಿಲ ಭಾರತ ಆಯುರ್ವೇದ ಸಂಸ್ಥೆಯಲ್ಲಿ. 'ಗಿಡಮೂಲಿಕೆ, ಏನೂ ಆಗಲ್ಲ' ಎಂದು ಮಾರುವ ಮಂಡಿ ನೋವಿನ ಪುಡಿಯಲ್ಲಿ ಎರಡೇ ದಿನಕ್ಕೆ ನೋವು ಮಾಯವಾದರೆ ಮೇಲೆ ಕಾರಟಗಿಯವರಿಗೆ ಬರೆದದ್ದನ್ನು ಇನ್ನೊಮ್ಮೆ ಓದಿ. ಜನೌಷಧಿ ಗುಳಿಗೆಯಲ್ಲಿ ಇರುವುದು ಅದೇ ಔಷಧಿ, ಹೆಸರು ಮತ್ತು ಬೆಲೆ ಬೇರೆ. ತೊಂದರೆಯಾದರೆ ಅದನ್ನೂ ಹಾಗೇ ಬರೆಸಿ.

ಪ್ರಶ್ನೆ: ಫಾರಂ ಎಲ್ಲಿ ಸಿಗುತ್ತದೆ? ನನಗೆ ಇಂಗ್ಲಿಷ್ ಬರುವುದಿಲ್ಲ.
(ಸಿರುಗುಪ್ಪ, ಮಸ್ಕಿ, ಯಲಬುರ್ಗಾ, ಇನ್ನೂ ಹಲವರು)

ಉತ್ತರ: ಸಾರ್ವಜನಿಕರಿಗಾಗಿಯೇ ಇರುವ ಫಾರಂ ಕನ್ನಡದಲ್ಲೂ ಇದೆ, ಆಯೋಗದ ತಾಣದಲ್ಲಿ ಸಿಗುತ್ತದೆ. ಮಗನೋ ಮೊಮ್ಮಗಳೋ ಇಳಿಸಿಕೊಡಲಿ. ಎಡಿಆರ್ ಪಿವಿಪಿಐ ಎಂಬ ಆ್ಯಪ್ ಕೂಡ ಇದೆ. ಅದೂ ಬೇಡವೆಂದರೆ ಉಚಿತ ಸಹಾಯವಾಣಿ 1800-180-3024, ಕೆಲಸದ ದಿನಗಳಲ್ಲಿ ಬೆಳಗ್ಗೆ 9ರಿಂದ ಸಂಜೆ ಐದೂವರೆವರೆಗೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಹೋದಾಗ ಫಾರ್ಮಕಾಲಜಿ (ಔಷಧ ಶಾಸ್ತ್ರ) ವಿಭಾಗ ಎಲ್ಲಿ ಎಂದು ವಿಚಾರಿಸಿ. ಕಾವಲುಗಾರ 'ಓಪಿಡಿ ಆ ಕಡೆ' ಎಂದು ಕೈ ತೋರಿಸಿದರೆ ಇನ್ನೊಬ್ಬರನ್ನು ಕೇಳಿ.

ಬರೆಯುವಾಗ 'ಹೀಟ್ ಆಯಿತು', 'ಆಗಿಬರಲಿಲ್ಲ' ಎಂದಷ್ಟೇ ಬರೆದು ಬಿಡಬೇಡಿ. ಉರಿ ಎಲ್ಲಿ, ಎಷ್ಟು ಹೊತ್ತು, ಗುಳಿಗೆ ನುಂಗಿದ ಎಷ್ಟನೇ ದಿನ, ಜೊತೆಗೆ ಬೇರೆ ಏನು ನುಂಗುತ್ತಿದ್ದಿರಿ, ಅದನ್ನೆಲ್ಲ ಸೇರಿಸಿ. ನಾಟಿ ಔಷಧಿ ಕುಡಿದಿದ್ದರೆ ಅದನ್ನೂ ಮುಚ್ಚಿಡಬೇಡಿ, ಯಾರೂ ಬೈಯುವುದಿಲ್ಲ.